ಪತ್ರಿಕೆಯ ಪಿಕಪ್ಪಿಗೆ ಹೆಡರ್ ಆರಿಸಿದ್ದು

ಎಂಬತ್ತರ ದಶಕದ ಆರಂಭದಲ್ಲಿ ನಾನು ರಾಯಚೂರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ಪತ್ರಿಕೆಗೆ ಇದ್ದದ್ದು ಒಂದೇ ಗಾಡಿ, ಜೀಪಿನ ಎಂಜಿನ್ನಿನ ಹಳೆಯ ಪೆಟ್ರೋಲ್ ಪಿಕಪ್. ನಸುಕಿನಲ್ಲಿ ಕಟ್ಟುಗಳನ್ನು ಹೇರಿಕೊಂಡು ಮಾನ್ವಿ, ಸಿರವಾರ, ಅರಕೇರಾ ದಾಟಿ ಎಂಟರ ಸುಮಾರಿಗೆ ದೇವದುರ್ಗ ಮುಟ್ಟಿ, ಮಧ್ಯಾಹ್ನದ ಹೊತ್ತಿಗೆ ಮರಳುವುದು ಅದರ ನಿತ್ಯದ ಕೆಲಸ. ಓಡಿಸುತ್ತಿದ್ದವನು ಯರಗೇರಾ ಕಡೆಯವನು. ನಲವತ್ತು ದಾಟಿತ್ತು, ಮಾತು ಕಡಿಮೆ. ಆ ಚಳಿಗಾಲದಲ್ಲಿ ಅವನ ಮೇಲೆ ದೂರು ಬಂತು.

ದೂರು ಕೊಟ್ಟವರು ದೇವದುರ್ಗದ ಏಜೆಂಟರು. ಪತ್ರಿಕೆ ತಾಸುಗಟ್ಟಲೆ ತಡವಾಗುತ್ತಿದೆ, ಚಾಲಕ ಅರಕೇರಾದ ಹತ್ತಿರ ಗಾಡಿ ನಿಲ್ಲಿಸಿ ಬೇವಿನ ಮರದ ಕೆಳಗೆ ಮಲಗಿರುತ್ತಾನೆ, ಇಲ್ಲಿ ಬಂದು ಇಳಿದಾಗ ಕಾಲು ನೆಟ್ಟಗೆ ಊರುವುದಿಲ್ಲ ಎಂದು ಅವರು ಮಾಲೀಕರಿಗೆ ಫೋನಿನಲ್ಲಿ ಹೇಳಿದ್ದರು. ಕುಡಿಯುತ್ತಾನೆ ಎಂಬ ಮಾತು ಅಲ್ಲಿಯ ಬಸ್ ನಿಲ್ದಾಣದಲ್ಲಿ ಆಗಲೇ ಹಬ್ಬಿತ್ತು. ಚಾಲಕನನ್ನು ಕೇಳಿದರೆ ತಲೆನೋವು ಎಂದಷ್ಟೇ ಹೇಳುತ್ತಿದ್ದ. ಮಾಲೀಕರು ನಂಬಲಿಲ್ಲ. ನಾನೂ ನಂಬಲಿಲ್ಲ.

"ನಾಳಿ ಅವನ ಜೋಡಿ ಹೋಗು," ಎಂದರು ಮಾಲೀಕರು. "ಏನೂ ಹೇಳಬ್ಯಾಡ. ಬಾಯಿ ವಾಸನಿ ನೋಡು, ಟೈಮ್ ಬರಕೋ. ಖರೇ ಆದ್ರ ಚಾವಿ ಇಸಕೋತೀನಿ."

ಮರುದಿನ ಐದು ಗಂಟೆಗೆ ಗಾಡಿ ಹತ್ತಿ, ದೇವದುರ್ಗದ ತಾಲೂಕು ಕಚೇರಿಯಲ್ಲಿ ಕೆಲಸವಿದೆ ಎಂದೆ. ಅವನು ಗೇರು ಹಾಕುತ್ತಲೇ ಹೇಳಿದ: "ಇವತ್ತು ಐತವಾರ ಅದಲ್ರೀ ಸರ್." ಭಾನುವಾರ ಕಚೇರಿ ಮುಚ್ಚಿರುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಮಾನ್ವಿಯಲ್ಲಿ ಕಟ್ಟು ಇಳಿಸಿ ಹೋಟೆಲಿನಲ್ಲಿ ಚಹಾ ಕುಡಿದ. ಅದೇ ಕೆಟಲಿನ ಚಹಾ ನಾನೂ ಕುಡಿದೆ. ಎರಡು ಸಲ ಅವನ ಹತ್ತಿರಕ್ಕೆ ಬಾಗಿ ನೋಡಿದೆ. ಬೀಡಿಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ಸಿರವಾರ ಬರುವಷ್ಟರಲ್ಲಿ ನನ್ನ ಹಣೆ ಬಿಗಿಯತೊಡಗಿತು. ಅರಕೇರಾದ ಹತ್ತಿರ ಅವನು ಗಾಡಿ ನಿಲ್ಲಿಸಿ ಮರದ ಬುಡಕ್ಕೆ ಹೋಗಿ ಕೂತ. ಹಿಂದೆಯೇ ಇಳಿದ ನನಗೆ ಮೊಣಕಾಲು ನಡುಗಿ ಬಾಗಿಲು ಹಿಡಿಯಬೇಕಾಯಿತು. ಹೊಟ್ಟೆ ತೊಳಸಿ ರಸ್ತೆಯ ಪಕ್ಕದಲ್ಲೇ ವಾಂತಿಯಾಯಿತು. ಅವನು ಕೂತಲ್ಲಿಂದ ನೋಡುತ್ತಿದ್ದ. "ಕುಡದ್ ಬಂದೀರೇನ್ರೀ ಸರ್?" ಎಂದ. ನಗಲಿಲ್ಲ.

ದೇವದುರ್ಗದಲ್ಲಿ ಪುಸ್ತಕ ತೆರೆದೆ. ಸಿರವಾರದ ನಂತರದ ಅಕ್ಷರಗಳು ಗೆರೆಯಿಂದ ಕೆಳಗೆ ಜಾರಿದ್ದವು. ಒಂದೇ ಸಮಯವನ್ನು ಎರಡು ಸಲ ಬರೆದಿದ್ದೆ, ಒಂದು ಸಾಲು ನನಗೇ ಓದಲು ಬರಲಿಲ್ಲ.

ಊರಿಗೆ ಮರಳಿದವರೇ ಗಾಡಿಯನ್ನು ಗಂಜ್ ಮಾರುಕಟ್ಟೆಯ ಹತ್ತಿರದ ಮಿಸ್ತ್ರಿಯ ಬಳಿ ಒಯ್ದೆವು. ಎಂಜಿನ್ನಿನ ಬಾಯಿಗಳಿಂದ ಬರುವ ಹೊಗೆಯನ್ನೆಲ್ಲ ಕೂಡಿಸಿ ಸೈಲೆನ್ಸರಿನ ಕೊಳವೆಗೆ ಒಯ್ಯುವ ಎರಕದ ಕಬ್ಬಿಣದ ಭಾಗ ಒಂದಿರುತ್ತದೆ. ಅದು ಬಿರುಕು ಬಿಟ್ಟಿತ್ತು. ಹೊಗೆ ಪೆಡಲ್ಲುಗಳ ಸುತ್ತಲಿನ ತೂತುಗಳಿಂದ ಕ್ಯಾಬಿನ್ನಿಗೆ ನುಗ್ಗುತ್ತಿತ್ತು. "ಇಬ್ರೂ ಹೊಗಿ ಕುಡದೀರಿ ಸಾಬ್," ಎಂದ ಮಿಸ್ತ್ರಿ. ಆಮೇಲೆ ಕ್ಯಾಬಿನ್ನಿನೊಳಗೆ ಕೈಯಾಡಿಸಿ ಕೇಳಿದ: "ಈ ಪೇಪರ್ ಯಾರು ಹಚ್ಚಿದ್ದು?"

ಚಾಲಕ ರಸ್ತೆಯ ಕಡೆ ನೋಡಿದ. ಹಚ್ಚಿಸಿದವನು ನಾನು. ದೇವದುರ್ಗದ ಓದುಗರು ಪತ್ರಿಕೆಯ ಮೇಲೆ ಧೂಳು ಎಂದು ತಕರಾರು ತೆಗೆದಾಗ, ಕೊನೆಗೆ ಇಳಿಯುವ ಕಟ್ಟುಗಳನ್ನು ಕ್ಯಾಬಿನ್ನಿನಲ್ಲಿ ಇಡಿಸಿ, ಬಾಗಿಲಿನ ಸಂದು, ಹಿಂದಿನ ಕಿಂಡಿ ಎಲ್ಲಕ್ಕೂ ಮಾರಾಟವಾಗದೆ ಮರಳಿದ ಪತ್ರಿಕೆಗಳನ್ನು ಮೈದಾ ಅಂಟಿನಿಂದ ಹಚ್ಚಿಸಿದ್ದೆ. ಕಿಟಕಿಯ ಗಾಜು ಇಳಿಸಕೂಡದು ಎಂದು ಚಾಲಕನಿಗೆ ತಾಕೀತು ಮಾಡಿದ್ದೂ ನಾನೇ. ಅವನು ಅದನ್ನು ಒಂದು ದಿನವೂ ಮೀರಿರಲಿಲ್ಲ.

ಎರಕದ ಕಬ್ಬಿಣಕ್ಕೆ ಹಾಕಿದ ಬೆಸುಗೆ ನಿಲ್ಲುವುದಿಲ್ಲ, ಬೇರೆಯದೇ ಬೇಕು ಎಂದ ಮಿಸ್ತ್ರಿ. ಸ್ಟೇಷನ್ ಹತ್ತಿರದ ಬಿಡಿಭಾಗದ ಅಂಗಡಿಯಲ್ಲಿ ಅದರ ಜಾಗಕ್ಕೆ ಹಾಕುವ, ಹೈದರಾಬಾದಿನಿಂದ ಬಂದ ಹೆಡರ್ ಇತ್ತು. ಉಕ್ಕಿನ ಕೊಳವೆಗಳನ್ನು ಬಗ್ಗಿಸಿ ಒಂದು ಪಟ್ಟಿಗೆ ಬೆಸೆದದ್ದು, ಮೇಲೆ ಬೆಳ್ಳಿ ಬಣ್ಣ. ಗಾಡಿ ಹಾರುತ್ತದೆ, ಪೆಟ್ರೋಲ್ ಉಳಿಯುತ್ತದೆ ಎಂದ ಅಂಗಡಿಯವನು. ಎರಡೂ ಹೇಗೆ ಆಗುತ್ತವೆ ಎಂದು ಕೇಳಿದರೆ ಇನ್ನೊಮ್ಮೆ ಅದನ್ನೇ ಹೇಳಿದ. ಅದೊಂದು ಒಳ್ಳೆಯ ಅಂಗಡಿ ಎಂದು ನಾನು ಕೇಳುವ ಮೊದಲೇ ಮಿಸ್ತ್ರಿ ಹೇಳಿದ್ದರಿಂದ ಅವನಿಗೆ ಅಲ್ಲಿ ಕಮಿಷನ್ ಇದೆ ಎಂಬ ಗುಮಾನಿ ನನಗೆ ಹುಟ್ಟಿತು. ಗುಜರಿಯವನ ಹತ್ತಿರ ಕಂಪನಿಯದೇ ಹಳೆಯ ಎರಕದ ಭಾಗ ಸಿಕ್ಕಿತು. ಹಳೆಯದಕ್ಕೆ ಕಪ್ಪು ಬಣ್ಣ ಮಾತ್ರ ಹೊಸದಾಗಿತ್ತು. ಕೊನೆಯ ದಾರಿ, ಮಿಸ್ತ್ರಿಯೇ ಹೆಡರ್ ಮಾಡಿಕೊಡುವುದು. ಯಾರನ್ನು ನಂಬಬೇಕೆಂದು ತಿಳಿಯದೆ, ಅಂಗಡಿಯದು ಮತ್ತು ಗುಜರಿಯದು ಎರಡನ್ನೂ ಒಂದು ದಿನದ ಮಟ್ಟಿಗೆ ಕೇಳಿ ಕಚೇರಿಗೆ ತಂದೆ.

ಗುಜರಿಯ ಮಾಲನ್ನು ಪರೀಕ್ಷಿಸಿದವನು ಚಾಲಕ. ಹಿಂದೆ ಅಕ್ಕಿ ಗಿರಣಿಯಲ್ಲಿದ್ದಾಗ ಕಲಿತದ್ದಂತೆ. ಬಣ್ಣ ಕೆರೆದು, ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿದ. ಸ್ವಲ್ಪ ಹೊತ್ತಿಗೆ ಬಿಳಿಯ ಮೇಲೆ ಕೂದಲಿನಷ್ಟು ತೆಳುವಾದ ಒದ್ದೆ ಗೆರೆ ಎದ್ದಿತು. ಅದೂ ಬಿರುಕು ಬಿಟ್ಟದ್ದೇ.

ಬೆಳ್ಳಿ ಬಣ್ಣದ ಹೆಡರನ್ನು ಮುದ್ರಣ ವಿಭಾಗಕ್ಕೆ ಒಯ್ದೆವು. ಅಚ್ಚಿನ ಮೊಳೆ ಜೋಡಿಸಿ ಪುಟ ಕಟ್ಟುವ ಕಲ್ಲಿಗಿಂತ ಸಮತಟ್ಟಾದದ್ದು ನಮ್ಮಲ್ಲಿ ಬೇರೆ ಇರಲಿಲ್ಲ. ಕಲ್ಲು ಹೊಲಸಾಗುತ್ತದೆ ಎಂದು ಮೊಳೆ ಜೋಡಿಸುವ ಹಿರಿಯರು ಗೊಣಗಿದರು. ಎಂಜಿನ್ನಿಗೆ ಕೂರುವ ಪಟ್ಟಿಯನ್ನು ಕಲ್ಲಿನ ಮೇಲಿಟ್ಟು ಪತ್ರಿಕೆಯ ಕಾಗದದ ಚೂರು ತೂರಿಸಿದೆವು. ಎರಡು ಬಾಯಿಗಳ ಕೆಳಗೆ ಚೂರು ಸಲೀಸಾಗಿ ಹೋಯಿತು. ತೆಳುವಾದ ಪಟ್ಟಿ ಬೆಸುಗೆಯ ಕಾವಿಗೆ ಬಾಗಿತ್ತು. ಬೋಲ್ಟು ಬಿಗಿದರೆ ನೆಟ್ಟಗಾಗುತ್ತದೆ ಎಂದು ಅಂಗಡಿಯವನು ಮೊದಲೇ ಹೇಳಿ ಕಳಿಸಿದ್ದ.

"ಹಬ್ಬಕ್ಕೊಮ್ಮಿ ತೆಗಿಯೋ ಗಾಡಿಗಿ ಇದು ನಡೀತದ," ಎಂದ ಚಾಲಕ. "ದಿನಾ ಕಾದು ದಿನಾ ಆರೋ ಗಾಡಿಗಿ ಬೋಲ್ಟ್ ಸಡ್ಲ ಆಗ್ತಾವ್ರೀ. ಮತ್ತ ಹೊಗಿ ಒಳಗ."

ಉಳಿದವನು ಮಿಸ್ತ್ರಿ. ಕೊನೆಗೆ ಕೆಲಸ ತನಗೇ ಸಿಗಲಿ ಎಂದು ಅವನು ಮೊದಲಿನಿಂದಲೂ ಕಾದಿದ್ದನೆಂದು ನನಗೆ ಅನಿಸಿತು. ಅನಿಸಿದ್ದನ್ನು ಹೇಳಿಯೂಬಿಟ್ಟೆ. ಅವನು ಕುರ್ಚಿ ಹಾಕಿಸಿದ. "ಕೂಡ್ರಿ ಸಾಬ್. ಸಂಶಯ ಇದ್ದೋರು ಕೂತೇ ನೋಡಬೇಕು." ಎರಡು ದಿನ ಕೂತೆ. ದಪ್ಪ ಪಟ್ಟಿ ಕತ್ತರಿಸಿ, ಕೊಳವೆಗಳನ್ನು ಬೆಸೆದು, ಆರಿದ ಮೇಲೆ ನಮ್ಮ ಮುದ್ರಣ ವಿಭಾಗಕ್ಕೆ ತಂದು ಕಲ್ಲಿನ ಮೇಲಿಟ್ಟು ನೋಡುತ್ತ, ಕಾಗದದ ಚೂರು ಎಲ್ಲಿಯೂ ತೂರದಂತೆ ಅರದಿಂದ ಉಜ್ಜಿದ. ಕೂರಿಸಿ ಎಂಜಿನ್ ಚಾಲೂ ಮಾಡಿದಾಗ ಸದ್ದು ಮೊದಲಿಗಿಂತ ಒರಟಾಗಿತ್ತು, ಆದರೆ ಜೋಡಣೆಗಳ ಹತ್ತಿರ ಹಿಡಿದ ಕಾಗದ ಅಲುಗಲಿಲ್ಲ, ಕಪ್ಪಾಗಲಿಲ್ಲ. ಕ್ಯಾಬಿನ್ನಿಗೆ ಹಚ್ಚಿದ್ದ ಕಾಗದವನ್ನು ನಾನೇ ಕಿತ್ತೆ. ಮಿಸ್ತ್ರಿಗೆ ಆ ಅಂಗಡಿಯಲ್ಲಿ ಕಮಿಷನ್ ಇತ್ತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.

ಮಾಲೀಕರಿಗೆ ಅರ್ಧ ಪುಟದ ವರದಿ ಕೊಟ್ಟೆ. ಚಾಲಕ ಕುಡಿದಿರಲಿಲ್ಲ ಎಂದೂ, ಗಾಳಿ ಆಡುವ ಸಂದುಗಳನ್ನು ಮುಚ್ಚಿಸಿದವನು ನಾನು ಎಂದೂ ಅದರಲ್ಲಿತ್ತು. ಓದಿ ಮೇಜಿನ ಖಾನೆಗೆ ಹಾಕಿದರು. ಚಾಲಕನನ್ನು ಕರೆದು, ಮುಗಿಯಿತಲ್ಲ, ನಾಳೆಯಿಂದ ಹೋಗು ಎಂದು ಚಾವಿ ಮುಂದೆ ಸರಿಸಿದರು. ಅವನು ಮುಟ್ಟಲಿಲ್ಲ.

"ದೇವದುರ್ಗದಾಗ ನನಗ ಕುಡುಕ ಅಂತಾರ್ರೀ ಮಾಲಕ್ರೇ. ನಾ ಹೇಳಿದ್ರ ಯಾರ ಕೇಳ್ತಾರ? ನೀವು ಬಂದು ಹೇಳ್ರಿ."

ಏಜೆಂಟರಿಗೆ ಚೀಟಿ ಬರೆದು ಕೊಡುತ್ತೇನೆ ಎಂದರು ಮಾಲೀಕರು.

"ಚೀಟಿ ಬ್ಯಾಡ್ರಿ."

ಮರುದಿನ ಮಾಲೀಕರು ಕ್ಯಾಬಿನ್ನಿನಲ್ಲಿ ಕೂತರು, ನಾನು ಹಿಂದೆ ಕಟ್ಟುಗಳ ನಡುವೆ. ಅರಕೇರಾದಲ್ಲಿ ಕಟ್ಟು ಇಳಿಸುವಷ್ಟು ಹೊತ್ತು ಮಾತ್ರ ಗಾಡಿ ನಿಂತಿತು. ದೇವದುರ್ಗದ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತಿದ್ದವರ ಎದುರಿಗೆ ಮಾಲೀಕರು ಏಜೆಂಟರಿಗೆ ನಡೆದದ್ದನ್ನು ಹೇಳಿದರು. ತಪ್ಪು ಗಾಡಿಯದು, ನಮ್ಮ ಕಚೇರಿಯದು, ಇವನದಲ್ಲ ಎಂದರು.

"ನಾ ಎಲ್ಲಿ ಅಂದೀನ್ರೀ," ಎಂದರು ಏಜೆಂಟರು. "ಮಂದಿ ಅಂತಿದ್ರು."

ಚಾಲಕ ಅವರ ಕಾಲ ಬಳಿ ಕಟ್ಟು ಇಳಿಸಿ, ರಸೀದಿ ಚೀಟಿ ಹಿಡಿದ. ಗಾಡಿ ಮುಟ್ಟಿದ ಹೊತ್ತನ್ನು ಅದರಲ್ಲಿ ಬರೆಯುವ ರೂಢಿ ಇರಲಿಲ್ಲ. "ಟೈಮ್ ಬರೀರಿ," ಎಂದ. ಅವರು ಕೈಗಡಿಯಾರ ನೋಡಿ ಬರೆದುಕೊಟ್ಟರು. ಅವನಿಗೆ ಓದು ಬರುತ್ತಿರಲಿಲ್ಲ. ಚೀಟಿಯನ್ನು ನನ್ನ ಕಡೆ ಚಾಚಿ, ಏನು ಬರೆದಿದ್ದಾರೆ ಓದಿ ಎಂದ. ಎಂಟು ಗಂಟೆ ಐದು ನಿಮಿಷ ಎಂದು ಓದಿದೆ. ಚೀಟಿ ಹಿಂದಕ್ಕೆ ಇಸಿದುಕೊಂಡು ಮಾಲೀಕರ ಹತ್ತಿರ ಹೋದ. ಅವರಿಂದಲೂ ಒಮ್ಮೆ ಓದಿಸಿದ.