ಇಪ್ಪತ್ತೆರಡು ವರ್ಷ ನಿಧಾನಕ್ಕೆ ತಿರುಗಿದ ಜಾಝ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಲಾಂಡ್ರಿಯಲ್ಲಿ ಹಬೆಯ ಕೊಳವೆಗಳು ಒಂದೊಂದಾಗಿ ಟಣ್ ಟಣ್ ಎಂದು ಬಿಸಿಯಾಗುತ್ತಿವೆ. ರೋಲರ್ ಇಸ್ತ್ರಿ ಯಂತ್ರದ ಮುಂದೆ ನಿಂತ ಐವತ್ತೈದರ ಸಣಕಲು ಮನುಷ್ಯ ಬೆರಳದ್ದಿ ಒಂದು ಹನಿ ನೀರನ್ನು ಉರುಳೆಯ ಮೇಲೆ ಚಿಮುಕಿಸುತ್ತಾರೆ. ಚುರ್ ಎಂದು ಹನಿ ಮಾಯ. ಯಂತ್ರ ಕಾದಿದೆ ಎಂದು ಖಾತ್ರಿಯಾದ ಮೇಲೆ ಮೊದಲ ಬೆಡ್‌ಶೀಟಿನ ಅಂಚನ್ನು ಬಿಗಿಯಾಗಿ ಹಿಡಿದು ಒಳಗೆ ಬಿಡುತ್ತಾರೆ. ಆಚೆ ಬದಿಯಲ್ಲಿ ಹತ್ತು ಹೆಂಗಸರು ಇಬ್ಬಿಬ್ಬರಾಗಿ ಕಾಯುತ್ತಿದ್ದಾರೆ. ಬಿಸಿಬಿಸಿಯಾಗಿ ಹೊರಬಂದ ಶೀಟಿನ ನಾಲ್ಕು ಮೂಲೆ ಹಿಡಿದು, ಕೊಡವಿ, ಮಡಚಿ, ಪಕ್ಕಕ್ಕಿಡುವುದು ಅವರ ಕೆಲಸ.

ಗೋಡೆಯ ಮೇಲಿನ ಸ್ಪೀಕರ್ ಬಾಯಿ ಮುಚ್ಚಿಕೊಂಡು ಹನ್ನೊಂದು ದಿನವಾಯಿತು. ಅದರ ಕೆಳಗಿನ ಹಲಗೆಯ ಮೇಲೆ, ದಿಂಬಿನ ಚೀಲದಲ್ಲಿ ಸುತ್ತಿಟ್ಟ ಒಂದು ಗ್ರಾಮಫೋನ್ ಪ್ಲೇಟು ಇದೆ. ಇವತ್ತು ಹತ್ತು ಗಂಟೆಯ ಚಹಾ ಹೊತ್ತಿನಲ್ಲಿ ಅದನ್ನು ಕೇಳಲು ಯಾರಾದರೂ ಬಂದರೆ ಈ ಮನುಷ್ಯನ ಮುನ್ನೂರು ಚಿಲ್ಲರೆ ಜಾಝ್ ಪ್ಲೇಟುಗಳು ಈ ಕಟ್ಟಡದಲ್ಲೇ ಉಳಿಯುತ್ತವೆ. ಯಾರೂ ಬಾರದಿದ್ದರೆ ಸಂಜೆಯೊಳಗೆ ಅಷ್ಟನ್ನೂ ಹೊತ್ತುಕೊಂಡು ಹೋಗಬೇಕು. ಸೂಪರ್‌ವೈಸರ್ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಾರೆ.

“ಒಬ್ರೂ ಬರಲ್ಲ ಬಿಡಿ,” ಎನ್ನುತ್ತ ಅವರು ಇನ್ನೊಂದು ಶೀಟು ಒಳಗೆ ಬಿಡುತ್ತಾರೆ. “ನಾನು ಮಾಡಿರೋ ಘನಂದಾರಿ ಕೆಲಸಕ್ಕೆ ಅವರು ನನ್ನ ಮುಖ ನೋಡ್ತಿರೋದೇ ಹೆಚ್ಚು.”

ಲಾಂಡ್ರಿಯಲ್ಲಿ ಅವರು ಎಲ್ಲರಿಗೂ ಪ್ಲೇಟಣ್ಣ. ಈ ಹುಚ್ಚು ಹತ್ತಿಸಿದ್ದು ಇಪ್ಪತ್ತೆರಡು ವರ್ಷದ ಹಿಂದೆ ಇಲ್ಲಿದ್ದ ಒಬ್ಬ ಪರದೇಶದ ಡಾಕ್ಟರ್. ಊರಿಗೆ ಮರಳುವಾಗ ಸಾಮಾನು ಹೆಚ್ಚಾಯಿತೆಂದು ಒಂದು ರೆಕಾರ್ಡ್ ಪ್ಲೇಯರ್, ಒಂದು ಪೆಟ್ಟಿಗೆ ಜಾಝ್ ಪ್ಲೇಟುಗಳನ್ನು ತಮ್ಮ ಕೋಟುಗಳಿಗೆ ಇಸ್ತ್ರಿ ಮಾಡುತ್ತಿದ್ದ ಇವರ ಕೈಗೆ ಕೊಟ್ಟು ವಿಮಾನ ಹತ್ತಿದರು. ಆ ದೇಶದ ಕರೆಂಟು ಬೇರೆ, ಈ ದೇಶದ್ದು ಬೇರೆ; ಪ್ಲೇಯರ್ ಸುಟ್ಟುಹೋಗದಿರಲಿ ಎಂದು ಇಟ್ಟಿಗೆಯಷ್ಟು ಭಾರದ ಒಂದು ಟ್ರಾನ್ಸ್‌ಫಾರ್ಮರನ್ನೂ ಕೊಟ್ಟಿದ್ದರು. ಡ್ಯೂಟಿಯ ಗಡಿಬಿಡಿಯಲ್ಲಿ ಡಾಕ್ಟರೇ ಇಲ್ಲಿ ಒಂದು ದಿನವೂ ಅದನ್ನು ಹಚ್ಚಿ ನೋಡಿರಲಿಲ್ಲ. ಹಚ್ಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪ್ಲೇಟಣ್ಣನ ಮನೆ ನೆಲಮಾಳಿಗೆಯ ಒಂದೇ ಕೋಣೆ, ಗೋಡೆಯಲ್ಲಿ ಸದಾ ಪಸೆ. ಮೊದಲ ಮಳೆಗೇ ಪ್ಲೇಟುಗಳ ಕವರಿಗೆ ಬೂಷ್ಟು ಹಿಡಿಯಿತು. ಆಸ್ಪತ್ರೆಯಲ್ಲೆಲ್ಲ ಒಣಗಿದ ಜಾಗವೆಂದರೆ ಒಗೆದ ಬಟ್ಟೆ ಇಡುವ ಉಗ್ರಾಣ. ಅದರ ಮೇಲಿನ ಅರೆಗಳಲ್ಲಿ ಜಾಗ ಕೇಳಿದರು. ಬದಲಿಗೆ ಕೆಲಸದ ಹೊತ್ತಿನಲ್ಲಿ ಎಲ್ಲರಿಗೂ ಕೇಳುವಂತೆ ಹಾಡು ಹಾಕುತ್ತೇನೆಂದು ಮಾತು ಕೊಟ್ಟರು. ಯಂತ್ರದ ಅದುರಿಗೆ ಸೂಜಿ ಎಗರದಿರಲೆಂದು ಉಗ್ರಾಣದಲ್ಲೇ ಒಂದು ಕಲ್ಲುಚಪ್ಪಡಿಯ ಕೆಳಗೆ ರಬ್ಬರ್ ಚೆಂಡಿನ ಹೋಳುಗಳನ್ನಿಟ್ಟು ಅದರ ಮೇಲೆ ಪ್ಲೇಯರ್ ಕೂರಿಸಿ, ಲಾಂಡ್ರಿಯ ಗೋಡೆಯ ಸ್ಪೀಕರಿಗೆ ತಂತಿ ಎಳೆದರು.

ಆಮೇಲೆ ಪ್ರತಿ ರಜೆಯೂ ಹಳೇ ಸಾಮಾನಿನ ಅಂಗಡಿಗಳಿಗೇ ಮೀಸಲು. ಕವರಿನ ಮೇಲಿನ ಭಾಷೆ ಓದಲು ಬರದಿದ್ದರೂ ನಡುವಿನ ಚೀಟಿಯ ಬಣ್ಣ ನೋಡಿ ಇದು ಜಾಝ್ ಎಂದು ಹಿಡಿಯುತ್ತಾರೆ. ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡುವುದು, ಮೂಸುವುದು, ಸೋಪಿನ ನೀರಲ್ಲಿ ತೊಳೆದು ಆಪರೇಷನ್ ಥಿಯೇಟರಿನ ಹಳೆ ಬಟ್ಟೆಯಲ್ಲಿ ಒತ್ತಿ ಒರೆಸುವುದು. “ಸೂಜಿ ಇಟ್ಟ ಮೇಲೆ ಹಾಡು ಶುರುವಾಗೋಕೆ ಮುಂಚೆ ಚಿಟಿಚಿಟಿ ಅನ್ನುತ್ತಲ್ಲ, ಆ ಎರಡು ಕ್ಷಣ ಇದೆಯಲ್ಲ,” ಎಂದು ಕಣ್ಣರಳಿಸುತ್ತಾರೆ, “ಆಗ ಯಾರಾದ್ರೂ ಕರೆದ್ರೆ ನನಗೆ ಕೊಲ್ಲೋವಷ್ಟು ಸಿಟ್ಟು ಬರುತ್ತೆ.”

ನುಡಿಸುವವರೆಲ್ಲ ಅವರಿಗೆ ಮನೆಯವರೇ ಆಗಿಹೋದರು. ತುತ್ತೂರಿ ಊದುವ ಒಬ್ಬ ‘ಜಗಳಗಂಟ’. ಡ್ರಮ್ಮಿನವನು ‘ಗಾಬರಿ’. ಕವರ್ ಕಳೆದುಹೋದ ಒಂದು ಪ್ಲೇಟಿನಲ್ಲಿ ಗೊಗ್ಗರು ದನಿಯಲ್ಲಿ ಹಾಡುವಾತ ‘ತಾತ’. ಹೆಂಡತಿಯನ್ನು ಕಳೆದುಕೊಂಡ ಮುದುಕ ಎಂದು ಇವರೇ ಒಂದು ಹಿನ್ನೆಲೆಯನ್ನೂ ಕಟ್ಟಿಕೊಟ್ಟಿದ್ದರು. ಯಾವ ಬಟ್ಟೆಗೆ ಯಾವ ಹಾಡು ಎಂಬ ಲೆಕ್ಕವೂ ಇತ್ತು. ಕಂಬಳಿಗೆ ತಾತ, ದಿಂಬಿನ ಚೀಲಕ್ಕೆ ಜಗಳಗಂಟ. ಒಂದು ಶೀಟನ್ನು ಇಬ್ಬರು ಮಡಚಬೇಕಲ್ಲ, ಇಬ್ಬರ ಕೈಯನ್ನೂ ಒಂದೇ ಹದದಲ್ಲಿ ಇಡುತ್ತಿದ್ದುದು ಆ ತಾಳ. ದಿನಕ್ಕೆ ಒಂಬೈನೂರು ಶೀಟು, ಒಂದೂ ನೆಲ ಮುಟ್ಟುತ್ತಿರಲಿಲ್ಲ.

ಒಮ್ಮೆ ಕ್ಷೌರದ ಅಂಗಡಿಯ ರೇಡಿಯೊದಲ್ಲಿ ಜಗಳಗಂಟನ ಹಾಡೇ ಬಂತು. ಓಡುತ್ತಿತ್ತು, ದನಿ ಕೀರಲಾಗಿತ್ತು. ರೇಡಿಯೊದವರು ಜಾಹೀರಾತಿಗೆ ಜಾಗ ಉಳಿಸಲು ಹಾಡನ್ನು ಓಡಿಸುತ್ತಾರೆ ಎಂದು ಪ್ಲೇಟಣ್ಣ ಅಂಗಡಿಯವನಿಗೆ ತಿಳಿಹೇಳಿ ಬಂದರು. ಅಂಗಡಿಯವನೂ ಹೌದೌದು ಅಂದನಂತೆ.

ಎರಡು ತಿಂಗಳ ಹಿಂದೆ ಪ್ಲೇಯರಿನ ಬೆಲ್ಟು ಹರಿಯಿತು. ಆಸ್ಪತ್ರೆಯ ಉಪಕರಣ ರಿಪೇರಿ ಮಾಡುವ ಮೇಡಂ ಬಂದು ಹೊಸ ಬೆಲ್ಟು ಹಾಕಿದರು. ಪ್ಲೇಟಿನ ಅಂಚಿಗೆ ಒಂದು ಚೂರು ಬಿಳಿ ಪಟ್ಟಿ ಅಂಟಿಸಿ, ಗಡಿಯಾರ ನೋಡುತ್ತ ಸುತ್ತು ಎಣಿಸಿದರು. ನಿಮಿಷಕ್ಕೆ ಮೂವತ್ಮೂರು ತಿರುಗಬೇಕಾದದ್ದು ಇಪ್ಪತ್ತೆಂಟೂ ದಾಟಲಿಲ್ಲ. ಮತ್ತೆ ಎಣಿಸಿದರು. ಆಮೇಲೆ ಪ್ಲೇಯರಿನ ಹೊಟ್ಟೆಯ ಚೀಟಿ ಓದಿ ಹಣೆ ಚಚ್ಚಿಕೊಂಡರು.

“ಈ ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಇಳಿಸುತ್ತೆ ಅಷ್ಟೇ ಕಣಣ್ಣ,” ಎಂದರು ಮೇಡಂ. “ಅಲ್ಲಿ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿಯುತ್ತೆ. ಇಲ್ಲಿ ಐವತ್ತು. ಈ ಮೋಟಾರು ಆ ಮಿಡಿತ ನೋಡ್ಕೊಂಡೇ ತಿರುಗೋದು. ಅಂದ್ರೆ ಮೊದಲ ದಿನದಿಂದ ನಿಧಾನ. ನೀವು ಸರಿಯಾಗಿ ಒಂದು ಹಾಡೂ ಕೇಳಿಲ್ಲ.”

ಪ್ಲೇಟಣ್ಣನಿಗೆ ಮೊದಲು ಬಂದದ್ದು ಸಿಟ್ಟು. ಮರುದಿನ ಮೇಡಂ, ಪ್ಲೇಟು ಸರಿಯಾದ ವೇಗಕ್ಕೆ ತಿರುಗಲೆಂದು, ಮೋಟಾರಿನ ತಲೆಗೆ ಕೂರುವ ಹಿತ್ತಾಳೆಯ ಪುಟ್ಟ ಗಾಲಿಯನ್ನು ಲೇತಿನಲ್ಲಿ ತುಸು ದೊಡ್ಡದಾಗಿ ಕಡೆಸಿ ತಂದು ಹಾಕಿದರು. ಮೊದಲು ತಾತನ ಪ್ಲೇಟನ್ನೇ ಇಟ್ಟರು. ಚಿಟಿಚಿಟಿ ಮುಗಿಯಿತು. ಹಾಡು ಶುರುವಾಯಿತು.

“ಹೆಂಗಸು!” ಎಂದು ಅವರು ಈಗಲೂ ದನಿ ಏರಿಸುತ್ತಾರೆ. “ಹೆಂಗಸೂ ಅಲ್ಲ, ಹುಡುಗಿ ರೀ! ಇಪ್ಪತ್ತು ಇಪ್ಪತ್ತೈದರ ಹುಡುಗಿ, ಯಾರನ್ನೋ ಛೇಡಿಸ್ಕೊಂಡು, ನಗು ತಡ್ಕೊಂಡು ಹಾಡ್ತಿದ್ದಾಳೆ. ನಾನು ಅವಳ ಹೆಂಡತೀನ ಸಾಯಿಸಿ ಕೂರಿಸಿದ್ದೆ! ಅಲ್ಲೇ ಬಟ್ಟೆ ಗಂಟಿನ ಮೇಲೆ ಕೂತುಬಿಟ್ಟೆ.”

ಆಮೇಲೆ ಉಳಿದ ಪ್ಲೇಟುಗಳನ್ನೂ ಒಂದೊಂದಾಗಿ ಹಾಕಿ ನೋಡಿದರು. ಜಗಳಗಂಟ ಜಗಳವಾಡುತ್ತಲೇ ಇರಲಿಲ್ಲ, ಕುಣಿಯುತ್ತಿದ್ದ. ಅಳುತ್ತಿದ್ದಾರೆ ಎಂದು ಇವರು ಅಂದುಕೊಂಡಿದ್ದವರಲ್ಲಿ ಅರ್ಧ ಜನ ಖುಷಿಯಾಗಿದ್ದರು. ನಾಚಿಕೆ, ಗಾಬರಿ, ಸಂತೋಷ ಮೂರೂ ಒಟ್ಟಿಗೆ ನುಗ್ಗಿ ಅವರು ಆ ರಾತ್ರಿ ಊಟ ಮಾಡಲಿಲ್ಲ. ಹೆಂಡತಿ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದರಂತೆ.

ಹೊಸ ಹಾಡುಗಳ ಹುಮ್ಮಸ್ಸು ಲಾಂಡ್ರಿಗೂ ಹತ್ತಿತು. ಹೆಂಗಸರು ತಾತ ಹುಡುಗಿಯಾದದ್ದನ್ನು ಹೇಳಿಕೊಂಡು ಹೊಟ್ಟೆ ಹಿಡಿದು ನಕ್ಕರು. ಕೈಗಳು ತಾಳದ ಜೊತೆ ಚುರುಕಾದವು. ರೋಲರಿನ ವೇಗದ ತಿರುಪು ಇರುವುದು ಪ್ಲೇಟಣ್ಣನ ಬಲಗೈ ಪಕ್ಕದಲ್ಲಿ. ಅವರಿಗೇ ತಿಳಿಯದಂತೆ ಅದನ್ನು ಒಂದು ಗೆರೆ, ಇನ್ನೊಂದು ಗೆರೆ ಮೇಲಕ್ಕೆ ತಿರುಗಿಸುತ್ತ ಹೋದರು. ಒಂಬೈನೂರು ಶೀಟು ಮಧ್ಯಾಹ್ನದೊಳಗೇ ಮುಗಿಯತೊಡಗಿತು. ಮೂರನೇ ವಾರ ಸೂಪರ್‌ವೈಸರ್ ಬಂದು ಬೆನ್ನು ತಟ್ಟಿದರು. “ಪ್ಲೇಟಣ್ಣ, ಈ ಹಾಡು ಮೊದಲೇ ಯಾಕೆ ಹಾಕಿರಲಿಲ್ಲ?” ಎಂದರು. ಮರುದಿನದಿಂದ ಇನ್ನೊಂದು ಆಸ್ಪತ್ರೆಯ ಬಟ್ಟೆಯೂ ಇಲ್ಲಿಗೇ ಬರತೊಡಗಿತು.

ಅದಾದ ವಾರಕ್ಕೆ, ಕೆಲಸ ಬಿಡುವ ಹೊತ್ತಿನಲ್ಲಿ, ಪ್ಲೇಟಣ್ಣ ನಲ್ಲಿಯ ಹತ್ತಿರ ದೊಡ್ಡಕ್ಕನನ್ನು ನೋಡಿದರು. ಮಡಚುವವರಲ್ಲೆಲ್ಲ ಹಿರಿಯರು, ಪ್ಲೇಟಣ್ಣನಿಗಿಂತ ನಾಲ್ಕು ವರ್ಷ ದೊಡ್ಡವರು. ನಲ್ಲಿ ತಿರುಗಿಸಲು ಆಗದೆ ಮೊಣಕೈಯಿಂದ ಒತ್ತುತ್ತಿದ್ದರು. ಮಣಿಕಟ್ಟು ಎರಡೂ ಊದಿಕೊಂಡಿದ್ದವು.

“ಏನಾಯ್ತು ದೊಡ್ಡಕ್ಕ?”

“ಏನಾಗೋದು? ನಿನ್ನ ಪ್ಲೇಟು ಓಡುತ್ತೆ, ಕೈ ಅದರ ಹಿಂದೆ ಓಡುತ್ತೆ. ಸಾಕು ಅಂದ್ರೂ ನಿಲ್ಲಲ್ಲ. ರಾತ್ರಿ ನಿದ್ದೇಲೂ ಮಡಚ್ತಾ ಇರ್ತೀನಂತೆ, ಸೊಸೆ ಹೇಳ್ತಾಳೆ.”

ಪ್ಲೇಟಣ್ಣ ಬೇರೆಯವರ ಕೈ ನೋಡಿದರು. ಒಬ್ಬಳ ಹೆಬ್ಬೆರಳಿಗೆ ಪಟ್ಟಿ, ಇನ್ನೊಬ್ಬಳು ಬಾಚಣಿಗೆ ಹಿಡಿಯಲಾಗದೆ ಕೂದಲು ಕತ್ತರಿಸಿಕೊಂಡಿದ್ದಳು. ಎಲ್ಲವೂ ಕಣ್ಣೆದುರೇ ಇತ್ತು, ಇವರು ಹುಡುಗಿಯ ನಗು ಕೇಳುವುದರಲ್ಲಿ ಮೈಮರೆತಿದ್ದರು.

ಮರುದಿನ ಬೆಳಿಗ್ಗೆ ಹಿತ್ತಾಳೆ ಗಾಲಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ತಿರುಪನ್ನು ಹಳೆಯ ಗೆರೆಗೆ ಇಳಿಸಿದರು. ಸೂಪರ್‌ವೈಸರ್ ಓಡಿ ಬಂದರು.

“ಹಾಡು ಹಾಕಿ.”

“ಹಾಕಲ್ಲ ಸಾರ್.”

“ಹಾಡು ಹಾಕ್ತೀನಂತ ತಾನೇ ಉಗ್ರಾಣದಲ್ಲಿ ಜಾಗ ತಗೊಂಡಿದ್ದು? ಹಾಕದಿದ್ರೆ ನಿಮ್ಮ ಪ್ಲೇಟು ಗೀಟು ಎಲ್ಲ ಮನೆಗೆ ತಗೊಂಡೋಗಿ.”

ಪಸೆ ಹಿಡಿದ ಆ ಕೋಣೆ ಕಣ್ಣೆದುರು ಬಂತು. ಒಂದು ಮಳೆಗಾಲ ಸಾಕು, ಇಷ್ಟು ವರ್ಷದ ಸಂಗ್ರಹ ಬೂಷ್ಟಿನ ಪಾಲು. ಆದರೂ ಜೇಬಿನಿಂದ ಕೈ ತೆಗೆಯಲಿಲ್ಲ. ಹಳೇ ಗಾಲಿಯನ್ನಾದರೂ ಹಾಕಿ ಎಂದು ಹೆಂಗಸರೇ ಹೇಳಿದರು. ಅದಕ್ಕೆ ಇವರು ಕೊಟ್ಟ ಉತ್ತರ ಲಾಂಡ್ರಿಯಲ್ಲಿ ಇನ್ನೂ ಓಡಾಡುತ್ತಿದೆ: “ಗೊತ್ತಾದ ಮೇಲೆ ಹೇಗೆ ಹಾಕ್ಲಿ? ಆ ಹುಡುಗೀನ ಮತ್ತೆ ತಾತ ಮಾಡ್ಲಾ?”

ಸೂಪರ್‌ವೈಸರ್ ತಾವೇ ತಿರುಪನ್ನು ಮೇಲಕ್ಕೆ ಏರಿಸಿದರು. ಹಾಡಿಲ್ಲದೆ ಆ ವೇಗಕ್ಕೆ ಜೋಡಿಗಳ ಕೈ ಕೂಡಲಿಲ್ಲ. ಒಬ್ಬಳು ಕೊಡವಿದರೆ ಇನ್ನೊಬ್ಬಳು ಮಡಚುತ್ತಿದ್ದಳು. ಶೀಟುಗಳು ಯಂತ್ರದ ಬಾಯಲ್ಲಿ ರಾಶಿ ಬಿದ್ದು ನೆಲಕ್ಕೆ ಜಾರಿದವು. ನೆಲ ಮುಟ್ಟಿದ್ದೆಲ್ಲ ಮತ್ತೆ ಒಗೆತಕ್ಕೆ ಹೋಗಬೇಕು, ಅದು ಆಸ್ಪತ್ರೆಯ ನಿಯಮ. ಹತ್ತು ದಿನ ಗುದ್ದಾಡಿ, ನಿನ್ನೆ ಸೂಪರ್‌ವೈಸರ್ ಇನ್ನೊಂದು ಆಸ್ಪತ್ರೆಯ ಬಟ್ಟೆಯನ್ನು ವಾಪಸು ಕಳಿಸಿದರು. ಆ ಉರಿಯಲ್ಲೇ ಕೊನೆಯ ಮಾತೂ ಬಂತು. ಕೆಲಸದ ಹೊತ್ತಿನಲ್ಲಿ ಹಾಡು ಬೇಡ. ಚಹಾ ಹೊತ್ತಿನಲ್ಲಿ ಕೇಳುವವರಿದ್ದರೆ ಪ್ಲೇಟು ಇರಲಿ, ಇಲ್ಲದಿದ್ದರೆ ಜಾಗ ಖಾಲಿ ಮಾಡಿ.

ಹತ್ತು ಗಂಟೆ. ರೋಲರ್ ನಿಲ್ಲುತ್ತದೆ. ಪ್ಲೇಟಣ್ಣ ಯಾರ ಕಡೆಗೂ ನೋಡದೆ ಹಲಗೆಯ ಮೇಲಿನ ಪ್ಲೇಟನ್ನು ಎತ್ತಿಕೊಂಡು ಉಗ್ರಾಣಕ್ಕೆ ಹೋಗಿ, ಗಾಲಿ ಕೂರಿಸಿ, ಬೆಲ್ಟು ಏರಿಸಿ, ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಾರೆ. ಇರುವುದೇ ಹದಿನೈದು ನಿಮಿಷದ ಬಿಡುವು. ಕೈ ನೋಯಿಸಿದ ಹಾಡಿಗೆ ಅದನ್ನೂ ಯಾರು ಕೊಟ್ಟಾರು? ಎರಡು ನಿಮಿಷ ಹೀಗೇ ಹೋಗುತ್ತದೆ. ಅವರು ಪ್ಲೇಟನ್ನು ಮತ್ತೆ ಚೀಲಕ್ಕೆ ಹಾಕಲು ಕೈ ಚಾಚುತ್ತಾರೆ.

“ಎಲ್ಲೋ ಕೂರೋದು ಇಲ್ಲಿ? ಒಂದು ಕುರ್ಚಿ ಇಲ್ಲ, ಏನಿಲ್ಲ.”

ದೊಡ್ಡಕ್ಕ. ಎರಡೂ ಮಣಿಕಟ್ಟಿಗೆ ಪಟ್ಟಿ, ಅಂಗೈಗಳ ನಡುವೆ ಚಹಾದ ಲೋಟ. ಅವರ ಹಿಂದೆ ಒಬ್ಬಳು, ಇನ್ನಿಬ್ಬರು, ಕೊನೆಗೆ ಏಳು ಜನ. ಬಂದದ್ದು ಬೆಚ್ಚಗಿದೆ ಅಂತ, ಹಾಡಿಗಲ್ಲ ಎಂದು ಒಬ್ಬಳು ಮೊದಲೇ ಹೇಳಿಬಿಡುತ್ತಾಳೆ. ಬಟ್ಟೆ ಗಂಟುಗಳ ಮೇಲೆ ಒತ್ತಿಕೊಂಡು ಕೂರುತ್ತಾರೆ. ಸೂಪರ್‌ವೈಸರ್ ಬಾಗಿಲಲ್ಲಿ ಇಣುಕಿ, ತಲೆ ಎಣಿಸಿ ಹೋಗುತ್ತಾರೆ.

ಪ್ಲೇಟಣ್ಣ ಸೂಜಿ ಇಡುತ್ತಾರೆ. ದೊಡ್ಡಕ್ಕ ಚಹಾದ ಲೋಟ ಕೆಳಗಿಡುತ್ತಾರೆ. ಹುಡುಗಿ ಹಾಡಲು ಶುರು ಮಾಡಿದ ಕೂಡಲೇ ದೊಡ್ಡಕ್ಕನ ಕೈಗಳು ತಮ್ಮಷ್ಟಕ್ಕೆ ತಾವೇ ಮೇಲೆದ್ದು ಗಾಳಿಯಲ್ಲಿ ಕೊಡವುತ್ತವೆ, ಮಡಚುತ್ತವೆ. ಅವರು ಗಾಬರಿಯಿಂದ ಕೈ ನೋಡಿಕೊಳ್ಳುತ್ತಾರೆ. ಎರಡೂ ಅಂಗೈಯನ್ನು ತೊಡೆಯಡಿಗೆ ಸೇರಿಸಿ ಗಟ್ಟಿಯಾಗಿ ಕೂತುಬಿಡುತ್ತಾರೆ. ಹಾಡು ಮುಗಿಯುವ ತನಕ ಕೂತೇ ಇರುತ್ತಾರೆ, ಬಾಯಿ ಅರ್ಧ ತೆರೆದಿದೆ.

“ಏನೋ ಪ್ಲೇಟಣ್ಣ, ಇದರಲ್ಲಿ ಪಿಯಾನೊ ಇದೆಯಲ್ಲೋ!”

“ಇದೆ ಅಕ್ಕ.”

“ಯಾವಾಗಿಂದ?”

“ಮೊದಲಿಂದಾನೂ ಇದೆ.”

“ದಿನಾ ಕೇಳಿದೀನಲ್ಲೋ ಇದನ್ನ!” ದೊಡ್ಡಕ್ಕನ ಮುಖ ಬಿಳಿಚಿಕೊಂಡಿದೆ. ಪಕ್ಕದವಳತ್ತ ತಿರುಗುತ್ತಾರೆ. “ನಿನಗೆ ಗೊತ್ತಿತ್ತಾ?” ಅವಳು ಇಲ್ಲವೆಂದು ತಲೆಯಾಡಿಸುತ್ತಾಳೆ. ಏಳು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. “ಇಷ್ಟು ವರ್ಷ ಒಬ್ಬ ಮನುಷ್ಯ ಅಲ್ಲಿ ಕೂತು ಪಿಯಾನೊ ನುಡಿಸ್ತಿದ್ದ, ನಾವು ಶೀಟು ಮಡಚ್ತಿದ್ವಿ,” ಎನ್ನುತ್ತಾರೆ. ಗಂಟೆ ಹೊಡೆದರೂ ತಕ್ಷಣ ಏಳುವುದಿಲ್ಲ.

ಅಧಿಕಾರಿಗಳಿಂದ ಏನಾದರೂ ಬೇಕೇ ಎಂದು ಕೇಳಿದರೆ ಪ್ಲೇಟಣ್ಣ ಪ್ಲೇಟಿನ ಧೂಳು ಒರೆಸುತ್ತಾರೆ. “ಚಹಾ ಹೊತ್ತು ಇನ್ನು ಹತ್ತು ನಿಮಿಷ ಹೆಚ್ಚು ಮಾಡಿದ್ರೆ ಸಾಕು,” ಎಂದು ಬಾಗಿಲ ಕಡೆಗೆ ನೋಡಿ ದನಿ ತಗ್ಗಿಸುತ್ತಾರೆ. “ಇದರ ಇನ್ನೊಂದು ಬದೀಲಿ ಒಬ್ಬ ಪಿಟೀಲಿನವನಿದ್ದಾನೆ. ದೊಡ್ಡಕ್ಕಂಗೆ ಇನ್ನೂ ಗೊತ್ತಿಲ್ಲ.”