ಪೆಟ್ರೋಲಿಗೂ ಒಂದು ಕೊಸರು

ಸುಳ್ಳು ಹೇಳಬೇಕಾದಾಗಲೆಲ್ಲ ನಾನು ನನ್ನ ಕಾರಿನ ಮೇಲೆ ಹಾಕುತ್ತೇನೆ. ಮನುಷ್ಯರ ಮೇಲೆ ಹಾಕಿದರೆ ಅವರು ಎಲ್ಲಾದರೂ ಎದುರಾಗಿ ಬಾಯಿಬಿಟ್ಟಾರು. ಕಾರಿನಿಂದ ಆ ಭಯವಿಲ್ಲ. ಹೀಗಾಗಿ, ಗೋವಿಂದರಾಜನಗರದ ನನ್ನ ಬಾಡಿಗೆ ಮನೆಯ ಕೆಳಗೆ ನಿಂತಿರುವ, ನನಗಿಂತ ಮೊದಲು ಮೂರು ಜನ ಓನರ್‌ಗಳನ್ನು ಸಹಿಸಿಕೊಂಡು ಬಂದ ಆ ಪುಟ್ಟ ಕಾರು ನಾಲ್ಕು ತಿಂಗಳಲ್ಲಿ ಮೂರು ಸಲ ಕೆಟ್ಟಿದೆ. ಮೂರು ಸಲವೂ ಭಾನುವಾರವೇ. ಮೂರು ಸಲವೂ ಅದಕ್ಕೆ ಏನೂ ಆಗಿರಲಿಲ್ಲ.

ಕಾರಣ ಮಂಜ. ಐದು ವರ್ಷ ನಾನು, ಅವನು ಇದೇ ಮನೆಯಲ್ಲಿದ್ದೆವು. ಮದುವೆಯಾಗಿ ಕೆಂಗೇರಿ ಉಪನಗರಕ್ಕೆ ಹೋದವನು ಊಟಕ್ಕೆ ಬಾ ಎಂದು ಕರೆಯುತ್ತಲೇ ಇದ್ದ. ನನಗೆ ಧೈರ್ಯ ಸಾಲದು. ಅವನ ಟವೆಲಿನಲ್ಲೇ ಮುಖ ಒರೆಸಿಕೊಂಡು ಬದುಕಿದವನು ಈಗ ಸೇಬಿನ ಹಣ್ಣು ಹಿಡಿದು ಅವನ ಬಾಗಿಲಲ್ಲಿ ಬೆಲ್ ಒತ್ತಬೇಕು, 'ಹೇಗಿದೀರಾ' ಎಂದು ಅವನ ಹೆಂಡತಿಯನ್ನು ಕೇಳಬೇಕು. ಅದಕ್ಕಿಂತ ಕಾರು ಕೆಡುವುದೇ ಸುಲಭ. ಕಾರು ಕೆಟ್ಟ ಭಾನುವಾರಗಳಲ್ಲಿ ನಾನು ಮನೆಯಲ್ಲೇ ಕೂತು ಕುಕ್ಕರಿನ ಜೊತೆ ಮಾತಾಡುತ್ತಿದ್ದೆ. ಅದು ಮೂರು ಸಲ ಉತ್ತರ ಕೊಟ್ಟು ಸುಮ್ಮನಾಗುತ್ತಿತ್ತು. ಪಕ್ಕದ ವಿಜಯನಗರದಿಂದ ಕೆಂಗೇರಿಗೆ ಮೆಟ್ರೋ ಇದೆಯಲ್ಲ ಎಂದು ನೀವು ಕೇಳುತ್ತೀರಿ. ಮಂಜನಿಗೂ ಗೊತ್ತಿತ್ತು, ಒಂದು ಸಲವೂ ಕೇಳಲಿಲ್ಲ.

ನಾಲ್ಕನೆಯ ಸಲ ಕರೆದಾಗ ಮಾತ್ರ ಅವನ ದನಿ ತಣ್ಣಗಿತ್ತು. "ಈ ಸಲಾನೂ ಕಾರ್ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಬಿಡು ಮಗಾ. ಇನ್ಮೇಲೆ ನಾನೂ ತೊಂದ್ರೆ ಕೊಡಲ್ಲ." ಬೈದಿದ್ದರೆ ನಿಶ್ಚಿಂತೆಯಿಂದ ಇರುತ್ತಿದ್ದೆ. ಅವನು ಬೈಯಲಿಲ್ಲ.

ಆದ್ದರಿಂದ ಆ ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿ, ಸೇಬಿನ ಹಣ್ಣು ಕೊಂಡು ನಿಜವಾಗಿಯೂ ಹೊರಟೆ. ಅರ್ಧ ಟ್ಯಾಂಕ್ ಪೆಟ್ರೋಲಿತ್ತು. ಕೆಂಗೇರಿಗೆ ಹೋಗಿ ಬರಲು ಅದು ಧಾರಾಳ. ಆದರೂ ಬಂಕಿಗೆ ತಿರುಗಿಸಿದೆ. ಹೋಗಲು ಹೆದರುವವನಿಗೆ ಬಂಕಿನ ಕ್ಯೂ ಒಂದು ವರ.

ಇಲ್ಲಿ ನಮ್ಮ ಜನದ ಒಂದು ಹಳೇ ಚಾಳಿಯ ಬಗ್ಗೆ ಹೇಳಬೇಕು. ಸೊಪ್ಪು ಕೊಂಡರೆ ಮೇಲೊಂದಿಷ್ಟು ಕರಿಬೇವು, ಅವರೆಕಾಯಿ ಅಳೆದ ಮೇಲೆ ಒಂದು ಹಿಡಿ: ಕೊಸರಿಲ್ಲದ ವ್ಯಾಪಾರ ನಮಗೆ ವ್ಯಾಪಾರವೇ ಅಲ್ಲ. ಪೆಟ್ರೋಲ್ ಬಂಕಿನಲ್ಲಿ ಕೊಸರು ಹಾಕುವವರಿಲ್ಲದ ಕಾರಣ ನಾನೂ ಮಂಜನೂ ಒಂದು ಉಪಾಯ ಕಂಡುಕೊಂಡಿದ್ದೆವು. ಟ್ಯಾಂಕ್ ತುಂಬಿ ಪೈಪು ತಾನಾಗಿಯೇ 'ಟಕ್' ಎಂದು ನಿಂತ ಮೇಲೆ ಮಂಜ ಹಿಂದಿನಿಂದ ಕಾರನ್ನು ಅಲ್ಲಾಡಿಸುತ್ತಿದ್ದ. ಒಳಗಿನ ಗಾಳಿ ಹೊರಟು ಇನ್ನಷ್ಟು ಹಿಡಿಯುತ್ತದೆ ಎಂಬುದು ಸಿದ್ಧಾಂತ. ಅವನು ಅಲ್ಲಾಡಿಸುವುದು, ನಾನು 'ಇನ್ನೊಂಚೂರು' ಎನ್ನುವುದು. ಆ ಕೊಸರಿಗೂ ಕಾಸು ನಾವೇ ಕೊಡುತ್ತಿದ್ದೆವು ಎಂಬುದು ಐದು ವರ್ಷದಲ್ಲಿ ಇಬ್ಬರಿಗೂ ಹೊಳೆಯಲಿಲ್ಲ.

ಅಂದು ಟಕ್ ಎಂದಿತು. ಪೈಪು ಹಿಡಿದಿದ್ದ ಅಕ್ಕ ವಿಜಯಪುರದ ಕಡೆಯವರು. "ಸಾಕ್ರೀ ಸರ್, ಟ್ಯಾಂಕ್ ತುಂಬೇತಿ," ಎಂದರು. ನಾನು ಇನ್ನೊಂಚೂರು ಎಂದು ಹಿಂದೆ ಹೋಗಿ ಒಬ್ಬನೇ ಕಾರನ್ನು ಅಲ್ಲಾಡಿಸಿದೆ. ಒಬ್ಬನೇ ಅಲ್ಲಾಡಿಸುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಕಾರಿಗಿಂತ ಹೆಚ್ಚಾಗಿ ನಾನೇ ಅಲ್ಲಾಡಿದೆ. ಮತ್ತೆರಡು ಸಲ ಟಕ್ ಎನ್ನಿಸಿ, ಬಾಯಿಮಟ್ಟ ತುಂಬಿಸಿ, ಗೆದ್ದವನಂತೆ ಕೂತು ಕೀ ತಿರುಗಿಸಿದೆ.

ಕುಯ್ ಕುಯ್ ಕುಯ್ ಎಂದಿತು. ಅಷ್ಟೇ.

ಹಿಂದಿನವರ ಹಾರ್ನ್ ಶುರುವಾಯಿತು. ಆಟೋದ ಅಣ್ಣನೊಬ್ಬರು ಬ್ಯಾಟರಿ ಹೋಗಿದೆ ಎಂದರು, ಸ್ಕೂಟಿಯ ಆಂಟಿ ಪೆಟ್ರೋಲಿಗೆ ನೀರು ಬೆರೆತಿದೆ ಎಂದರು. ನಾನು ಬಾನೆಟ್ ಎತ್ತಿ, ಎಲ್ಲ ಬಲ್ಲವನಂತೆ ಒಂದು ಮುಚ್ಚಳವನ್ನು ತಟ್ಟಿ ನೋಡಿದೆ. ಅದು ಗಾಜು ಒರೆಸುವ ನೀರಿನ ಮುಚ್ಚಳವಂತೆ. ಅಕ್ಕ, ಆಟೋದ ಅಣ್ಣ ಸೇರಿ ಕಾರನ್ನು ತಳ್ಳಿ, ಬಂಕಿನಾಚೆ ರಸ್ತೆ ಬದಿಯ ಮರದ ಕೆಳಗೆ ನಿಲ್ಲಿಸಿಕೊಟ್ಟು ತಮ್ಮ ಕೆಲಸಕ್ಕೆ ಹೋದರು.

ಫೋನು ತೆಗೆದೆ. ನಾಲ್ಕುನೂರು ಹೆಸರುಗಳಿವೆ. ನೀರಿನ ಕ್ಯಾನಿನವರು, ಗ್ಯಾಸಿನವರು, ಯಾರೆಂದು ಮರೆತೇ ಹೋದವರು. 'ಕಾರು ನಿಂತಿದೆ, ಬಾರೋ' ಎನ್ನಬಹುದಾದ ಹೆಸರು ಒಂದೇ. ಆ ಒಬ್ಬನಿಗೆ ಈ ಮಾತೊಂದನ್ನು ಮಾತ್ರ ಹೇಳುವಂತಿರಲಿಲ್ಲ.

ಹೇಳಿದೆ. ಮಂಜ, "ಸೆಲ್ಫ್ ಹೊಡಿ. ಕೇಳಿಸ್ಲಿ," ಎಂದ. ಫೋನನ್ನು ಬಾನೆಟ್ಟಿನ ಹತ್ತಿರ ಇಟ್ಟು ಹೊಡೆದೆ. ಆ ಕುಯ್ ಕುಯ್ ಅವನಿಗೂ ಕೇಳಿಸಿತು. ಸುಳ್ಳಲ್ಲ ಎಂದು ನನ್ನ ಪರವಾಗಿ ಸಾಕ್ಷಿ ಹೇಳಲು ಆ ಕಾರಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಸಿಕ್ಕಿರಲಿಲ್ಲ.

"ಟಕ್ ಅಂದ್ಮೇಲೂ ಹಾಕ್ಸಿದ್ಯಾ?"

"ಹೂಂ."

"ಯಾರ್ ಅಲ್ಲಾಡ್ಸಿದ್ರು?"

"ನಾನೇ."

"ಒಬ್ನೇನಾ?"

ಅವನು ಕೇಳಿದ್ದು ಪೆಟ್ರೋಲಿನ ವಿಷಯವೇ. ಆದರೂ ನಾನು ಪಕ್ಕದ ಸೀಟಿನ ಸೇಬಿನ ಚೀಲ ಸರಿಮಾಡತೊಡಗಿದೆ.

ಅವನೇ ಬಿಡಿಸಿ ಹೇಳಿದ. ಅತಿಯಾಗಿ ತುಂಬಿಸಿದರೆ ಪೆಟ್ರೋಲು ಆವಿ ಹೋಗುವ ದಾರಿಗೂ ನುಗ್ಗಿ, ಇಂಜಿನ್ನಿಗೆ ಬೇಡದಷ್ಟು ಕುಡಿಸಿ ಉಸಿರು ಕಟ್ಟಿಸುತ್ತದಂತೆ. "ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡ್ಕೋ, ಬಿಡ್ಬೇಡ. ಹಾಗೇ ಸೆಲ್ಫ್ ಹೊಡಿ." ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹೊಗೆ ಕಾರಿ ಕಾರು ಎದ್ದಿತು. ಫೋನಿನಲ್ಲಿ ಮಂಜ ನಗುತ್ತಿದ್ದ. "ಬಾ, ಸಾರು ಆರೋಗ್ತಿದೆ," ಎಂದ.

ಹೋದೆ, ಉಂಡೆ. ಆಮೇಲೆ ನಾಲ್ಕು ತಿಂಗಳ ಮಾತನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಸುರಿದೆ. ಅವನ ಹೆಂಡತಿ ಸವಿತಾ ಮೆಲ್ಲಗೆ ಎದ್ದು ಒಳಗೆ ಹೋದರು. ಅಡುಗೆಮನೆಯಿಂದ 'ಟಕ್' ಎಂದು ಕೇಳಿಸಿತು. ಟಕ್ ಎಂದ ಮೇಲೆ ಇನ್ನೊಂಚೂರು ಎನ್ನಬಾರದೆಂದು ಬೆಳಿಗ್ಗೆಯಷ್ಟೇ ಪಾಠ ಕಲಿತವನು ನಾನು. ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಎದ್ದು ಚಪ್ಪಲಿ ಹುಡುಕತೊಡಗಿದೆ.

ಸವಿತಾ ಗ್ಯಾಸ್ ಲೈಟರ್ ಹಿಡಿದೇ ಹೊರಗೆ ಬಂದರು. "ಕಾಫಿಗೆ ಇಟ್ಟಿದೀನಿ, ಎಲ್ಲಿಗೆ ಹೊರಟ್ರಿ? ಕೂತ್ಕೊಳ್ಳಿ."

ಕೂತೆ. ಈ ಸಲದ ಕೊಸರಿಗೆ ನಾನು ಯಾರನ್ನೂ ಅಲ್ಲಾಡಿಸಿರಲಿಲ್ಲ.