ಪುಟ್ಟಮ್ಮಕ್ಕ ಹೊಲಿದ ವಾಚಿನ ಪಟ್ಟಿ

ನಮ್ಮ ಪಕ್ಕದ ಮನೆಯ ಪುಟ್ಟಮ್ಮಕ್ಕನ ತುರುಬಿನಲ್ಲಿ ಹೂವಿನ ಬದಲು ದಬ್ಬಳ ಇರುತ್ತಿತ್ತು. ಗೋಣಿಚೀಲ ಹೊಲಿಯುವ ಗೇಣುದ್ದದ ಸೂಜಿ. ಕಿತ್ತ ಚಪ್ಪಲಿ, ಹರಿದ ಸ್ಕೂಲ್ ಬ್ಯಾಗು, ಬಾಯಿಬಿಟ್ಟ ಬೈಕ್ ಸೀಟು, ಏನು ಕಣ್ಣಿಗೆ ಬಿದ್ದರೂ ಅವಳ ಕೈ ತಲೆಯ ಹಿಂದಕ್ಕೆ ಹೋಗುತ್ತಿತ್ತು. ಒಂದು ಮದುವೆಗೂ ಅದನ್ನು ಸಿಕ್ಕಿಸಿಕೊಂಡೇ ಬಂದು ನಮ್ಮಮ್ಮನ ಕೈಲಿ ಬೈಸಿಕೊಂಡಿದ್ದಳು. “ಹೂವ ಸಾಯಂಕಾಲಕ್ಕೆ ಬಾಡೋಯ್ತದೆ ಕಣಕ್ಕ, ಇದು ಬಾಡಾಕಿಲ್ಲ” ಅಂದು ನಕ್ಕುಬಿಟ್ಟಳು.

ಅವಳು ಮೊದಲು ಹೊಸೂರಿನ ಕಡೆ ಒಂದು ಶೂ ಕಂಪನಿಯಲ್ಲಿ ಹೊಲಿಗೆ ಕೆಲಸಕ್ಕಿದ್ದವಳು. ಕತ್ತರಿಸಿ ಮಿಕ್ಕ ಚರ್ಮದ ತುಂಡುಗಳನ್ನು ಅಲ್ಲಿ ಕೆಲಸದವರಿಗೇ ಕೊಟ್ಟುಬಿಡುತ್ತಿದ್ದರು. ಉಳಿದವರು ಬಿಸಾಡಿದ್ದನ್ನೂ ಇವಳು ಆರಿಸಿ ತಂದಳು. ಕಂಪನಿ ಬಾಗಿಲು ಹಾಕಿಕೊಂಡಿತು, ಇವಳು ಡೆಂಕಣಿಕೋಟೆ ಹತ್ತಿರದ ನಮ್ಮೂರಿನಲ್ಲೇ ಎರಡು ಹಸು ಕಟ್ಟಿಕೊಂಡು ಕೂತಳು, ಚರ್ಮದ ಮೂಟೆ ಮಾತ್ರ ಮಂಚದ ಕೆಳಗೆ ಉಳಿಯಿತು. ಮಳೆಗಾಲದಲ್ಲಿ ಅದು ನಾರುವಾಗ ಗಂಡ ಮುನಿರಾಜಣ್ಣ ರೇಗಿಸುತ್ತಿದ್ದ. “ನಿಮ್ಮಪ್ಪ ಕೊಟ್ಟ ವರದಕ್ಷಿಣೆ ಇದೊಂದೇ ಕಣಮ್ಮಿ.”

ಮುನಿರಾಜಣ್ಣ ಲಾರಿ ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರು. ಒಂದು ಸಲ ಫ್ಯಾಕ್ಟರಿ ಬಸ್ಸು ತಪ್ಪಿ ಬೈಕಿನಲ್ಲಿ ಹೋದವನು, ಶಿಫ್ಟ್ ಮುಗಿಸಿ ಬರುವಾಗ ಹಂಪ್ ಕಾಣದೆ ಬಿದ್ದ. ತಲೆಗೆ ಪೆಟ್ಟು. ಪ್ರಾಣ ಉಳಿಯಿತು, ಗಾಯ ಮಾಯಿತು. ಆದರೆ ಬುದ್ಧಿ ಮಾತ್ರ ಫ್ಯಾಕ್ಟರಿಯಲ್ಲೇ ನಿಂತುಬಿಟ್ಟಿತು. ಐವತ್ತು ತುಂಬಿರಲಿಲ್ಲ ಅವನಿಗೆ. ಬೆಳಕು ಹರಿಯುವ ಮುಂಚೆ ಎದ್ದು, ತಲೆ ಬಾಚಿ, ವಾಚು ಕಟ್ಟಿಕೊಂಡು, “ಬಸ್ಸು ಬತ್ತದೆ, ನಾನು ಬತ್ತೀನಿ” ಅಂತ ಹೊರಟುಬಿಡುತ್ತಿದ್ದ. ಕಾಲು ಎತ್ತ ಎಳೆದರೆ ಅತ್ತ. ರಾಗಿ ತೆನೆಗೆ ಬರುವ ಕಾಲದಲ್ಲಿ ನಮ್ಮ ಕಡೆ ಆನೆಗಳು ಇಳಿಯುತ್ತವೆ. ಎರಡು ಸಲ ಅವನನ್ನು ಕಾಡಿನ ಅಂಚಿನಿಂದ ನಾನೇ ಕರೆತಂದಿದ್ದೇನೆ. ಬಾಗಿಲಿಗೆ ಬೀಗ ಹಾಕಿದರೆ ಹಣೆಯನ್ನು ಬಾಗಿಲಿಗೇ ಬಡಿದುಕೊಳ್ಳುತ್ತಿದ್ದ. ಆ ಸದ್ದು ನಮ್ಮ ಮನೆಗೂ ಕೇಳುತ್ತಿತ್ತು. ಕೇಳಲಾರದೆ ಅವಳೇ ಬೀಗ ತೆಗೆಯುತ್ತಿದ್ದಳು.

ಜೇಬಿಗೆ ವಿಳಾಸದ ಚೀಟಿ ಇಟ್ಟರೆ ಚೂರು ಮಾಡಿ ಎಸೆಯುತ್ತಿದ್ದ. ಅಂಗಿಗೆ ನಂಬರ್ ಹೊಲಿದರೆ ಅಂಗಿಯನ್ನೇ ಬಿಚ್ಚುತ್ತಿದ್ದ. ಅವನು ಮರೆಯದೆ ಮೈಮೇಲೆ ಹಾಕಿಕೊಳ್ಳುತ್ತಿದ್ದದ್ದು ವಾಚೊಂದೇ. ಆಗ ಪುಟ್ಟಮ್ಮಕ್ಕ ಮೂಟೆ ಬಿಚ್ಚಿದಳು. ಒಣಗಿ ಹಪ್ಪಳವಾಗಿದ್ದ ಚರ್ಮಕ್ಕೆ ಹರಳೆಣ್ಣೆ ತಿಕ್ಕಿ ಮೆತ್ತಗೆ ಮಾಡಿ, ಎರಡು ಬೆರಳಗಲ ಕತ್ತರಿಸಿ, ಕಾಸಿದ ದಬ್ಬಳದಿಂದ ತನ್ನ ಫೋನ್ ನಂಬರನ್ನು ಅದರ ಮೇಲೆ ಸುಟ್ಟು ಬರೆದಳು. ಹಳೆಯ ಪಟ್ಟಿಯ ಬಕಲನ್ನೇ ಇದಕ್ಕೆ ಹಾಕಿದಳು. “ಇನ್ನೆಲ್ಗೋದ್ರೂ ಯಾರಾನ ಫೋನ್ ಮಾಡ್ತಾರೆ ಕಣ್ಲಾ ಮಂಜ” ಅಂತ ನನಗೆ ಹೇಳಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಕಂಡೆ.

ಅವನು ಹೋದ, ಯಾರೂ ಫೋನ್ ಮಾಡಲಿಲ್ಲ. ಸಂಜೆ ಸಿಕ್ಕಾಗ ಕೈ ಬರಿದಾಗಿತ್ತು. ಮೆಷಿನ್ ಮುಟ್ಟುವ ಮುಂಚೆ ವಾಚು ಬಿಚ್ಚಿಡಬೇಕೆನ್ನುವುದು ಫ್ಯಾಕ್ಟರಿಯ ಕಟ್ಟುನಿಟ್ಟು. ಎಲ್ಲೋ ಒಂದು ಕಡೆ ಕೆಲಸದ ಜಾಗ ಬಂತು ಅನ್ನಿಸಿದ ಕೂಡಲೇ ಬಿಚ್ಚಿ, ಯಾವುದೋ ಕಾಂಪೌಂಡ್ ಗೋಡೆಯ ಮೇಲೆ ಜೋಪಾನವಾಗಿ ಇಟ್ಟಿದ್ದ. ಹುಡುಕಿ ತಂದೆವು.

ಬಕಲ್ ಇದ್ದರೆ ತಾನೇ ಬಿಚ್ಚುವುದು ಅಂತ ಅವಳು ಕರುವಿಗೆ ಕಟ್ಟುವ ಕಣ್ಣಿಯ ಹಾಗೆ ಇನ್ನೊಂದು ಪಟ್ಟಿ ಮಾಡಿದಳು. ಒಂದು ತುದಿಗೆ ಗಂಟು, ಇನ್ನೊಂದು ತುದಿಗೆ ಬಿಗಿ ಕುಣಿಕೆ. ಕರು ಜಗ್ಗಿದಷ್ಟೂ ಬಿಗಿಯುತ್ತದೆ. “ಈಗ ಬಿಚ್ಲಿ ನೋಡಾನ” ಅಂತ ಅವನ ಎದುರಿಗೆ ಕೂತಳು. ಮುನಿರಾಜಣ್ಣ ಪಟ್ಟಿಯ ಕಡೆ ನೋಡಲೂ ಇಲ್ಲ. ಆಚೆ ಹಸುವನ್ನು ನೋಡುತ್ತಾ, ಬಲಗೈಯ ಹೆಬ್ಬೆರಳಿನಿಂದ ಕುಣಿಕೆ ಸಡಿಲಿಸಿ, ಗಂಟು ತೂರಿಸಿ, ವಾಚನ್ನು ಅವಳ ಮಡಿಲಿಗೆ ಹಾಕಿದ. ಹುಟ್ಟಿದಾಗಿನಿಂದ ಹಟ್ಟಿಯಲ್ಲಿ ಬೆಳೆದ ಕೈ. ಹೆಂಡತಿಯ ಹೆಸರು ಮರೆತವನಿಗೆ ಕಣ್ಣಿ ಬಿಚ್ಚುವುದು ಮರೆತಿರಲಿಲ್ಲ. ಪುಟ್ಟಮ್ಮಕ್ಕ ನಗಲು ಹೋಗಿ ಅತ್ತುಬಿಟ್ಟಳು. “ಕರ ಕಟ್ಟಿ ಬೆಳ್ದೋನಿಗೆ ಕಣ್ಣಿ ಹಾಕಕ್ಕೋದೆ ನೋಡ್ಲಾ, ನನ್ ಬುದ್ಧಿಗೆ ಬೆಂಕಿ ಹಾಕ.”

ಮೂರನೆಯದಕ್ಕೆ ಬಕಲೂ ಇಲ್ಲ, ಗಂಟೂ ಇಲ್ಲ. ಅವನಿಗೆ ಮುದ್ದೆ ಉಣ್ಣಿಸಿ, ಜಗಲಿಯ ಮೇಲೆ ಕೂರಿಸಿ, ನನ್ನ ಕೈಲಿ ಅವನ ಭುಜ ಹಿಡಿಸಿ, ಪಟ್ಟಿಯ ಎರಡು ತುದಿಗಳನ್ನೂ ಮಣಿಕಟ್ಟಿನ ಮೇಲೇ ಸೇರಿಸಿ ಹೊಲಿದುಬಿಟ್ಟಳು. ಪಟ್ಟಿಗೂ ಅವನ ಮೈಗೂ ನಡುವೆ ತನ್ನ ಬೆರಳಿಟ್ಟುಕೊಂಡಿದ್ದಳು. ದಬ್ಬಳ ಚುಚ್ಚಿದ್ದೆಲ್ಲ ಅವಳ ಬೆರಳಿಗೆ. ಅವನು ಸುಮ್ಮನೆ ನೋಡುತ್ತಿದ್ದವನು ಕೊನೆಗೆ, “ಕಟ್ಟಾಕ್ಬುಟ್ಯಾ ನನ್ನ?” ಅಂದ. ಅವಳು ದಾರ ಹಲ್ಲಿನಿಂದ ಕಡಿದು ಒಳಗೆ ಹೋದಳು. ನನಗೂ ಅಲ್ಲಿ ನಿಲ್ಲಲು ಆಗಲಿಲ್ಲ.

ಆ ಪಟ್ಟಿ ಕೆಲಸ ಮಾಡಿತು ಅನ್ನಿ. ಒಂದು ಮಧ್ಯಾಹ್ನ ರಾಯಕೋಟೆಯ ಟೀ ಅಂಗಡಿಯವನೊಬ್ಬ ಫೋನ್ ಮಾಡಿದ. “ಅಮ್ಮಾ, ಇಂಗ ಒರುತ್ತರ್ ಉಕ್ಕಾಂದಿರುಕ್ಕಾರು, ಕೈಲ ಇಂದ ನಂಬರ್ ಇರುಕ್ಕು.” ಇಲ್ಲೊಬ್ಬರು ಕೂತಿದ್ದಾರೆ, ಕೈಯಲ್ಲಿ ಈ ನಂಬರ್ ಇದೆ ಅಂತ. ಪುಟ್ಟಮ್ಮಕ್ಕ ತಮಿಳು, ತೆಲುಗು, ಕನ್ನಡ ಮೂರನ್ನೂ ಕಲಸಿ ಅವನಿಗೆ ಕೈ ಮುಗಿದಳು, ಫೋನಿನಲ್ಲೇ.

ಆಮೇಲೆ ಜ್ವರ ಬಂತು ಅವನಿಗೆ. ಆಸ್ಪತ್ರೆಗೆ ಸೇರಿಸಿದೆವು. ಎಡಗೈ ಊದಿಕೊಂಡು ಪಟ್ಟಿ ಮಾಂಸಕ್ಕೆ ಕಚ್ಚುತ್ತಿತ್ತು. ಹೊಲಿದವಳೇ ಬ್ಲೇಡಿನಿಂದ ಕೊಯ್ದಳು. ಬಲಗೈಗೆ ಕಟ್ಟಲು ಹೋದರೆ ಕಿತ್ತೆಸೆದ. ಅವನ ಲೆಕ್ಕದಲ್ಲಿ ವಾಚು ಎಂದಾದರೂ ಬಲಗೈಗೆ ಕಟ್ಟುತ್ತಾರೆಯೇ? “ಊತ ಇಳೀಲಿ, ಸಾಯಂಕಾಲ ಹೊಲಿದುಬುಡ್ತೀನಿ” ಅಂದಳು. ಹೊಸ ಪಟ್ಟಿ ಚೀಲದಲ್ಲಿ ತಯಾರಾಗಿತ್ತು. ಅವನಿಗೆ ಇಡ್ಲಿ ತರಲು ಎದುರಿನ ಹೋಟೆಲಿಗೆ ಹೋದಳು. ಬಂದಾಗ ಮಂಚ ಖಾಲಿ. “ಬತ್ತೀನಿ ಅಂತ ನಂಗೂ ಹೇಳ್ದೇ ಹೋಗ್ಬುಟ್ಟ ಕಣ್ಲಾ” ಅಂತ ಅವಳು ನನಗೆ ಫೋನಿನಲ್ಲಿ ಹೇಳಿದಳು.

ಪೊಲೀಸರಿಗೆ ಹೇಳಿದೆವು, ಪೋಸ್ಟರ್ ಅಂಟಿಸಿದೆವು, ತಳಿ ಊರಿನವರೆಗೂ ಜೀಪಿನಲ್ಲಿ ಸುತ್ತಿದೆವು. ಆರು ತಿಂಗಳಾದ ಮೇಲೆ ನಾವೆಲ್ಲ ನಮ್ಮ ನಮ್ಮ ಕೆಲಸಕ್ಕೆ ಮರಳಿದೆವು. ಅವಳು ಹಸು ಮಾರಿ, ಮನೆಗೆ ಬೀಗ ಹಾಕಿ, ಅವನನ್ನು ಹುಡುಕುತ್ತಾ ಊರೂರು ಅಲೆಯತೊಡಗಿದಳು.

ಕಡೆಯ ಸಲ ಅವಳನ್ನು ಕಂಡದ್ದು ಕೃಷ್ಣಗಿರಿ ಬಸ್ ನಿಲ್ದಾಣದಲ್ಲಿ, ಹೋದ ಬೇಸಿಗೆ. ಕಂಬಕ್ಕೆ ಒರಗಿ ಮಲಗಿದ್ದ ಗಡ್ಡದ ಮನುಷ್ಯನೊಬ್ಬನ ಎಡಗೈ ಎತ್ತಿ ನೋಡಿ, ಮೆಲ್ಲನೆ ಅವನ ಎದೆಯ ಮೇಲೆ ವಾಪಸ್ ಇಟ್ಟಳು. ಪಕ್ಕದವನ ಕೈಗೆ ಬಗ್ಗುವಾಗ ನನ್ನನ್ನು ಕಂಡಳು. ಕೂದಲು ಬೆಳ್ಳಗಾಗಿತ್ತು, ಕೆನ್ನೆ ಒಳಗೆ ಹೋಗಿತ್ತು.

“ಮುಖ ನೋಡಿದ್ರೆ ತಿಳಿಯಾಕಿಲ್ಲ ಕಣ್ಲಾ, ಗಡ್ಡ ಬಂದಿರ್ತದೆ, ಸೊರಗಿರ್ತಾನೆ” ಅಂದಳು. “ಪಟ್ಟಿ ಇದ್ದ ಜಾಗ ಬೆಳ್ಳಗಿತ್ತಲ್ಲಾ, ಬಿಸಿಲೇ ಕಾಣ್ದಂಗೆ. ಅದನ್ನ ನೋಡ್ತಾ ಇವ್ನಿ.”

ಅವಳು ನನ್ನ ತೋಳು ಹಿಡಿದಳು.

“ಒರ್ಸದ ಮೇಲಾಯ್ತು, ಬಿಸಿಲಲ್ಲೇ ತಿರುಗ್ತಿರ್ತಾನೆ. ಆ ಬಿಳುಪು ಇನ್ನೂ ಇರ್ತದೇನ್ಲಾ ಮಂಜ?”

“ಇರ್ತದಕ್ಕ” ಅಂದೆ.

ಅವಳು ತಲೆಯಾಡಿಸಿ ಮುಂದಿನವನ ಕೈ ಎತ್ತಿದಳು.